ಯಾವ ಏಟು ಬಿಡಲಿ

ಚೇಳೂರು, ಗುಬ್ಬಿ ತಾಲ್ಲೂಕು
ಭಾನುವಾರ, 14 ಸೆಪ್ಟೆಂಬರ್ 2025

ಪ್ರೀತಿಯ ಸಿದ್ದೂ,

ಹೇಗಿದ್ದೀಯಪ್ಪ? ಬಲಗೈ ಊತ ಇಳಿಯಿತೇ? ಮಂಗಳವಾರ ನಿನ್ನನ್ನು ನೋಡಲು ತುಮಕೂರು ಜೈಲಿಗೆ ಬಂದಿದ್ದ ಅಮ್ಮ, ಕೈ ಇನ್ನೂ ದಪ್ಪಗೇ ಇದೆ, ಮುಖ ಮಾತ್ರ ಒಣಗಿಹೋಗಿದೆ ಎಂದು ಅತ್ತಳು. ಅಲ್ಲಿಯ ಡಾಕ್ಟರಿಗೆ ಬಾಯಿಬಿಟ್ಟು ಹೇಳು. ಹಲ್ಲುನೋವನ್ನು ಹದಿನೈದು ದಿನ ಬಚ್ಚಿಟ್ಟು ಕೆನ್ನೆ ಊದಿಸಿಕೊಂಡ ಮಹಾರಾಯ ನೀನು, ನಿನ್ನನ್ನು ನಂಬುವ ಹಾಗಿಲ್ಲ. ಸೊಳ್ಳೆ ಕಾಟ ಇದೆಯೇ? ರಗ್ಗು ಕಳಿಸಿದ್ದೆ, ಸಿಕ್ಕಿತೇ? ನನ್ನ ತಲೆಯ ಹೊಲಿಗೆ ಬಿಚ್ಚಿದರು. ಹನ್ನೊಂದು ಹೊಲಿಗೆ. ಆ ಜಾಗದಲ್ಲಿ ಕೂದಲು ಇನ್ನೂ ಬಂದಿಲ್ಲ, ಸೆರಗು ಹೊದ್ದು ಓಡಾಡುತ್ತಿದ್ದೇನೆ. ಈ ಕಾಗದವನ್ನು ನಿನ್ನ ಕೈಗೆ ಕೊಡುವ ಮೊದಲು ಜೈಲಿನವರು ಓದುತ್ತಾರಂತೆ. ಓದಲಿ ಬಿಡು. ಓದುವವರನ್ನು ಬೇಡ ಅನ್ನುವುದು ಲೈಬ್ರರಿಯವಳಾದ ನನಗೆ ಶೋಭೆಯಲ್ಲ.

ಲೈಬ್ರರಿ ಮತ್ತೆ ತೆರೆದಿದೆ. ಒಂಬತ್ತು ದಿನ ಬೀಗ ಹಾಕಿದ್ದರು. ಪಂಚಾಯ್ತಿಯವರು ಫಿನಾಯಿಲ್ ಸುರಿದು ನೆಲ ತೊಳೆಸಿದ್ದರೂ ಬೀರುವಿನ ಕೆಳಗಿನ ಸಂದಿಯಲ್ಲಿ ರಕ್ತ ಕಪ್ಪಗೆ ಒಣಗಿ ಕೂತಿತ್ತು. ಅದನ್ನು ನಾನೇ ಚಾಕುವಿನಲ್ಲಿ ಕೆರೆದು ತೆಗೆದೆ. ಅದು ನನ್ನದೋ ತಿಮ್ಮರಾಜುವಿನದೋ ಯಾರಿಗೆ ಗೊತ್ತು. ಮೊದಲ ದಿನ ಒಂದು ಮಗುವೂ ಬರಲಿಲ್ಲ. ಈಗ ಹನ್ನೊಂದು ಜನ ಬರುತ್ತಿದ್ದಾರೆ. ಮೊದಲು ಇಪ್ಪತ್ತಾರು ಇದ್ದರು. ಆ ಇಪ್ಪತ್ತಾರು ಜನರನ್ನು ಸೇರಿಸಲು ನಾನು ಪಟ್ಟ ಪಾಡನ್ನು ನೀನೇ ಕಂಡಿದ್ದೀಯ. ಹೈಸ್ಕೂಲು ಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದುದೇ ವೈಫೈಗೆ, ಹೊರಗಿನ ಗೋಡೆಗೆ ಒರಗಿ ಮೊಬೈಲ್ ತಿಕ್ಕಲು. ನಾನು ದಿನಾ ಪಾಸ್‌ವರ್ಡ್ ಬದಲಿಸಿ, ಇವತ್ತಿನದು ಇಂಥ ಪುಸ್ತಕದ ಮೂವತ್ತನೆಯ ಪುಟದ ಮೊದಲ ಪದ ಎಂದು ಬೋರ್ಡಿನ ಮೇಲೆ ಬರೆಯತೊಡಗಿದೆ. ಮೂವತ್ತನೆಯ ಪುಟಕ್ಕೆ ಹೋದವರಲ್ಲಿ ನಾಲ್ಕು ಜನ ಮೂವತ್ತೊಂದಕ್ಕೂ ಹೋದರು. 'ಒಳ್ಳೆ ಗಾಳ ಹಾಕಿದೀಯ ಕಣಕ್ಕಾ' ಎಂದು ನೀನು ನಗುತ್ತಿದ್ದೆ.

ಆಮೇಲೆ ಬಂತು ನನ್ನ ಆ ನಿಯಮ. ಪುಸ್ತಕ ವಾಪಸ್ ತಂದವರು ಮೇಜಿನ ಮುಂದೆ ನಿಂತು ಅದರಲ್ಲಿ ನಡೆದದ್ದನ್ನು ನನಗೆ ಹೇಳಬೇಕು. ಚೆನ್ನಾಗಿತ್ತು, ಬೋರಾಗಿತ್ತು ಎಂಬುದೆಲ್ಲ ಬೇಡ. ನಡೆದದ್ದು ನಡೆದ ಹಾಗೆ, ಏನನ್ನೂ ಸೇರಿಸದೆ, ಏನನ್ನೂ ಬಿಡದೆ. ತಪ್ಪಿದರೆ ಅದೇ ಪುಸ್ತಕ ಮತ್ತೆ ಕೈಗೆ. ಮೊದಮೊದಲು ಗೊಣಗಿದರು, ಆಮೇಲೆ ಒಬ್ಬರು ಹೇಳುವಾಗ ಇನ್ನೊಬ್ಬರು ತಪ್ಪು ಹಿಡಿಯುವುದೇ ಅವರಿಗೆ ಆಟವಾಯಿತು. ಎಲ್ಲರಿಗಿಂತ ಮುಂದೆ ಹೋದವಳು ಮಾಹಿರಾ, ಬಸ್ ಸ್ಟ್ಯಾಂಡಿನ ಹತ್ತಿರ ಸೀಟ್ ಕುಷನ್ ಹೊಲಿಯುವ ಅಕ್ರಂ ಪಾಷಾ ಅವರ ಮಗಳು. ಹತ್ತನೆಯ ಕ್ಲಾಸಿನ ಹುಡುಗಿ. ಅವಳು ಒಂದು ಜಗಳದ ಪ್ರಸಂಗ ಹೇಳಿದರೆ ಯಾರು ಎಲ್ಲಿ ನಿಂತಿದ್ದರು, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಎಂಬುದೂ ಬರುತ್ತಿತ್ತು. ನನಗೆ ಎಷ್ಟು ಹೆಮ್ಮೆಯಿತ್ತು ಗೊತ್ತೇ.

ಈಗ ಆ ದಿನದ ವಿಷಯ. ಅವನಿಗೆ ಎಷ್ಟು ಹೊಡೆದೆ ಅಂತಲೇ ನೆನಪಿಲ್ಲ, ಆ ಹುಡುಗಿ ಇಲ್ಲದ್ದೆಲ್ಲ ಬರೆಸಿದಾಳೆ ಎಂದು ನೀನು ಅಮ್ಮನ ಹತ್ತಿರ ಹೇಳಿದೆಯಂತೆ. ನೆನಪಿಲ್ಲದಿದ್ದರೆ ನಾನು ಬರೆಯುತ್ತೇನೆ, ಓದಿಕೋ.

ತಿಮ್ಮರಾಜು ಹತ್ತು ವರ್ಷದಿಂದ ಲೈಬ್ರರಿ ಜಗಲಿಯಲ್ಲಿ ಗೋಣಿತಾಟು ಹಾಸಿ ಇಸ್ಪೀಟ್ ಆಡಿಸುತ್ತಿದ್ದ. ಆ ಕುಡುಕರ ಕಾಲು ದಾಟಿಕೊಂಡು ಹೆಣ್ಣುಮಕ್ಕಳು ಒಳಗೆ ಬರಬೇಕಿತ್ತು. ಎರಡು ಸಲ ಮಾತಿನಲ್ಲಿ ಹೇಳಿದೆ, ಮೂರನೆಯ ಸಲ ದೂರು ಕೊಟ್ಟೆ. ಪೊಲೀಸರು ಬಂದು ಅವನನ್ನು ಹೆಂಡತಿ ಚಿಕ್ಕಮಾರಮ್ಮನ ಎದುರಿಗೇ ಜೀಪು ಹತ್ತಿಸಿದರು. ಮೂರು ದಿನದ ಮೇಲೆ, ಆಗಸ್ಟ್ ಇಪ್ಪತ್ತರ ಬುಧವಾರ ಸಂಜೆ ಆರು ಗಂಟೆಗೆ, ಒಳಗೆ ಒಂಬತ್ತು ಮಕ್ಕಳಿದ್ದಾಗ ಅವನು ಎಳನೀರು ಕೆತ್ತುವ ಮಚ್ಚು ಹಿಡಿದು ಬಂದ. 'ಎಲ್ಲವ್ಳೆ ಆ ಪುಸ್ತಕದ್ ರಾಣಿ' ಎಂದು ಕೂಗಿದ. ಮೊದಲ ಏಟು ಮೇಜಿಗೆ ಬಿತ್ತು. ಮಚ್ಚು ಒಂದು ಪುಸ್ತಕವನ್ನು ಸೀಳಿ ಹಲಗೆಯೊಳಕ್ಕೆ ಇಳಿಯಿತು. ಅದರ ಪಕ್ಕದಲ್ಲೇ ಒಂದು ಮಗುವಿನ ಕೈಯಿತ್ತು. ಮಕ್ಕಳು ಕಿರುಚಿಕೊಂಡು ಹಿಂಬಾಗಿಲಿಗೆ ಓಡಿದರು, ಮಾಹಿರಾ ಮಾತ್ರ ದಾರಿ ಸಿಗದೆ ಮೇಜಿನ ಕೆಳಗೆ ತೂರಿಕೊಂಡಳು. ನಾನು ಅವನ ಅಂಗಿಯ ಕಾಲರ್ ಹಿಡಿದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಓಡುವುದು ನನಗೆ ಬರುವುದಿಲ್ಲ. ಅವನು ಮಚ್ಚನ್ನು ಹಲಗೆಯಿಂದ ಕಿತ್ತು ಅದರ ಹಿಡಿಯಿಂದ ನನ್ನ ನೆತ್ತಿಗೆ ಕುಕ್ಕಿದ. ರಕ್ತ ಹಣೆಗೆ ಇಳಿಯಿತು. ಕೆಳಗೆ ಬಿದ್ದವಳ ಜಡೆ ಹಿಡಿದೆಳೆದು ಅವನು ಮಚ್ಚನ್ನು ಮೇಲೆತ್ತಿದಾಗ, ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ನನ್ನನ್ನು ಕರೆದುಕೊಂಡು ಹೋಗಲು ನೀನು ಬಂದೆ.

ಬಾಗಿಲಲ್ಲಿದ್ದ ಶಟರ್ ಎಳೆಯುವ ಕಬ್ಬಿಣದ ರಾಡು ನಿನ್ನ ಕೈಗೆ ಸಿಕ್ಕಿತು. ಮೊದಲ ಏಟು ಅವನ ಬಲ ಮುಂಗೈಗೆ. ಮೂಳೆ ಮುರಿದ ಸದ್ದು ಕೇಳಿಸಿತು, ಮಚ್ಚು ಬಿತ್ತು. ನಾನು ಇವತ್ತು ಬದುಕಿರುವುದು ಆ ಏಟಿನಿಂದ. ಎರಡನೆಯದು ಮೊಣಕಾಲಿಗೆ, ಅವನು ಕುಸಿದ. ಇದ್ದ ಒಂದು ಕೈಯನ್ನು ಎತ್ತಿ 'ಬುಡಪ್ಪಾ, ಬುಡು, ನಿನ್ ಕಾಲ್ಗ್ ಬೀಳ್ತೀನಿ' ಎಂದ. ನೀನು ಒಂದು ಗಳಿಗೆ ನಿಂತೆ. ಮೂರನೆಯ ಏಟು ಆ ಎತ್ತಿದ ಕೈಗೇ ಬಿತ್ತು. ನಾಲ್ಕನೆಯದು ದವಡೆಗೆ. ಹಲ್ಲುಗಳು ಮೇಜಿನ ಕೆಳಗೆ ಮಾಹಿರಾಳ ಕಾಲಿನ ಹತ್ತಿರಕ್ಕೆ ಸಿಡಿದವು. ಐದನೆಯದು ತಲೆಗೆ. ಆಮೇಲೆ ಅವನು ಅಲುಗಲಿಲ್ಲ. ಆ ಹುಡುಗಿ ಮಾರನೆಯ ದಿನ ಪೊಲೀಸರಿಗೆ ಹೇಳಿದ್ದು ಇಷ್ಟೇ, ಇದೇ ಕ್ರಮದಲ್ಲಿ. ಇದರಲ್ಲಿ ಅವಳು ಸೇರಿಸಿದ್ದು ಒಂದೂ ಇಲ್ಲ ಕಣೋ.

ತಿಮ್ಮರಾಜು ತುಮಕೂರಿನ ಆಸ್ಪತ್ರೆಯಲ್ಲೇ ಇದ್ದಾನೆ. ಒಂದು ಕಣ್ಣು ಹೋಗಿದೆ, ಮಾತು ಬರುತ್ತಿಲ್ಲ, ಗಂಜಿಯನ್ನು ಚಿಕ್ಕಮಾರಮ್ಮ ನಳಿಕೆಯಲ್ಲಿ ಬಿಡುತ್ತಾಳೆ. ಅವನ ಮೇಲೆ ನನಗೆ ಕರುಣೆ ಉಕ್ಕುತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಕಣ್ಣು ಮುಚ್ಚಿದರೆ ಆ ಮಚ್ಚು ಕಾಣಿಸುತ್ತದೆ, ಮೈಯೆಲ್ಲ ಉರಿಯುತ್ತದೆ. ಚಿಕ್ಕಮಾರಮ್ಮನ ಮುಖ ನೋಡುವ ಧೈರ್ಯ ಮಾತ್ರ ನನಗಿಲ್ಲ.

ಕುಣಿಗಲ್‌ನಿಂದ ದೊಡ್ಡಪ್ಪ ಬಂದು ನಾಲ್ಕು ದಿನ ಇದ್ದರು. ಲಾಯರನ್ನು ಕಂಡು ಬಂದು ನನ್ನನ್ನು ಕೂರಿಸಿಕೊಂಡು ಹೇಳಿದರು: 'ಒಂದೇ ಏಟು ಅಂದ್ರೆ ಅಕ್ಕನ್ ಪ್ರಾಣ ಉಳ್ಸಕ್ ಹೊಡ್ದ ಅಂತಾಯ್ತದೆ. ಮಿಕ್ಕಿದ್ದು ಬಿದ್ದಾಗ ಆದ ಗಾಯ ಅನ್ಲಿ. ಆ ಹುಡ್ಗಿ ನಿನ್ ಮಾತ್ ಮೀರಲ್ಲ, ಹೇಳು.' ಸೋಮವಾರ ಗುಬ್ಬಿ ಕೋರ್ಟಿನಲ್ಲಿ ನ್ಯಾಯಾಧೀಶರ ಮುಂದೆ ಅವಳ ಹೇಳಿಕೆ ಆಗುತ್ತದೆ. ಅಲ್ಲಿ ಬರೆಸಿದ್ದನ್ನು ಆಮೇಲೆ ತಿದ್ದುವುದು ಕಷ್ಟ. ಐದು ಏಟು ಎಂದು ಬರೆದರೆ ಕೊಲೆಯತ್ನ, ಎಷ್ಟು ವರ್ಷ ಒಳಗಿರಬೇಕೋ ಗೊತ್ತಿಲ್ಲ. ಆ ಮಗುವಿಗೆ ಸುಳ್ಳು ಕಲಿಸಲಾರೆ ಎಂದೆ. ಮುದ್ದೆ ತಿರುವುತ್ತಿದ್ದ ಅಮ್ಮ ಆ ಕೋಲನ್ನೇ ಹಿಡಿದು ಬಂದು ನನ್ನ ಬೆನ್ನಿಗೆ ಎರಡು ಬಾರಿಸಿದಳು. 'ನಿನ್ ಪುಸ್ತಕುಕ್ ಬೆಂಕಿ ಬೀಳ, ನನ್ ಮಗೀನ ತಿಂದ್ಕಬುಟ್ಟೆ' ಎಂದು ಕೂಗಿದಳು. ಬಿಸಿ ಮುದ್ದೆ ಕುಪ್ಪಸಕ್ಕೆ ಅಂಟಿ ಚರ್ಮ ಸುಟ್ಟಿತು. ನಾನು ತಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೊಬ್ಬರಿ ಎಣ್ಣೆ ಹಚ್ಚಿ ನನ್ನನ್ನು ತಬ್ಬಿಕೊಂಡು ಅತ್ತಳು.

ಇನ್ನು ನಿನ್ನ ಗೆಳೆಯರ ಪ್ರತಾಪ. ಗುರುವಾರ ಮಟಮಟ ಮಧ್ಯಾಹ್ನ ರವೀಶ ಇನ್ನಿಬ್ಬರನ್ನು ಕಟ್ಟಿಕೊಂಡು ಅಕ್ರಂ ಪಾಷಾ ಅವರ ಅಂಗಡಿಗೆ ನುಗ್ಗಿ, ಹೊಲಿದಿಟ್ಟಿದ್ದ ಸೀಟುಗಳನ್ನೆಲ್ಲ ಬ್ಲೇಡಿನಲ್ಲಿ ಸೀಳಿ ಸ್ಪಂಜು ಹೊರಗೆಳೆದರು. ಪಾಷಾ ಅವರ ಕೈಯನ್ನು ಹೊಲಿಗೆ ಮೆಷಿನ್ನಿನ ಮೇಲೆ ಅಮುಕಿ ಹಿಡಿದು ಚಕ್ರ ತಿರುಗಿಸಿದರು. ಎರಡು ಬೆರಳಿಗೆ ಸೂಜಿ ಹೊಕ್ಕಿತು. 'ಮಗ್ಳಿಗ್ ಬುದ್ಧಿ ಹೇಳು ಸಾಬಿ' ಎಂದು ಹೇಳಿ ಹೋದರು. ಸುದ್ದಿ ಕೇಳಿದ ಕೂಡಲೇ ನಾನು ಹೋಟೆಲ್ ಮುಂದೆ ನಿಂತಿದ್ದ ರವೀಶನನ್ನು ಹಿಡಿದು, ಕಾಲಿನ ಚಪ್ಪಲಿ ತೆಗೆದು ಎರಡೂ ಕೆನ್ನೆಗೆ ಬಾರಿಸಿದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡಿದರು. ಅವನ ತುಟಿ ಒಡೆದು ರಕ್ತ ಬಂತು. 'ಸಿದ್ದುಗೋಸ್ಕರ ಮಾಡ್ದೆ ಕಣಕ್ಕಾ' ಎಂದು ಅತ್ತ. ಅವನು ಅತ್ತದ್ದಕ್ಕೆ ಇನ್ನೊಂದು ಕೊಟ್ಟೆ.

ಅಷ್ಟೆಲ್ಲ ಶೂರತ್ವ ತೋರಿಸಿದವಳು ನಿನ್ನೆ ಸಂಜೆ ಏನು ಮಾಡಿದೆ ಕೇಳು. ಮಾಹಿರಾಳ ಮನೆಗೆ ಹೋದೆ. ರವೀಶ ಬ್ಲೇಡು ಹಿಡಿದು ಮಾಡಲು ಹೋದ ಕೆಲಸವನ್ನೇ ನಾನು ಮೆತ್ತಗಿನ ಮಾತಿನಲ್ಲಿ ಮಾಡಲು ಹೋಗಿದ್ದೆ. ನಿನ್ನನ್ನು ಎತ್ತಿ ಆಡಿಸಿದವಳು ನಾನು. ಅಪ್ಪ ಹೋದ ಮೇಲೆ ನಿನ್ನ ಸ್ಕೂಲು, ಐಟಿಐ ಎಲ್ಲವನ್ನೂ ನೋಡಿಕೊಂಡವಳು. ನೀನು ಮೂವತ್ತು ದಾಟುವವರೆಗೂ ಆ ಗೋಡೆಗಳ ಒಳಗೇ ಇರುವುದನ್ನು ನೆನೆಸಿಕೊಂಡರೆ ನಿಯಮವೂ ಬೇಡ, ಸತ್ಯವೂ ಬೇಡ ಅನ್ನಿಸಿಬಿಟ್ಟಿತು. ಅಕ್ರಂ ಪಾಷಾ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಕುರ್ಚಿ ಹಾಕಿ ಒಳಗೆ ಹೋದರು. ಮಾಹಿರಾಗೆ, ನನ್ನ ತಮ್ಮ ಕಣಮ್ಮ, ಎಲ್ಲವನ್ನೂ ಹೇಳಲೇಬೇಕು ಅಂತೇನಿಲ್ಲ ಎಂದೆ. ನನ್ನ ಧ್ವನಿ ನನಗೇ ಹೇಸಿಗೆಯಾಯಿತು. ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆ ತೆಗೆದು, ಒಂದರಿಂದ ಐದರವರೆಗೆ ಅಂಕಿ ಬರೆದು, ಪೆನ್ನು ಹಿಡಿದು ನನ್ನನ್ನು ನೋಡಿದಳು. 'ಆಯ್ತು ಮೇಡಂ. ಯಾವ ಏಟು ಬಿಡ್ಲಿ, ಹೇಳಿ' ಎಂದಳು. ಅದರಲ್ಲಿ ಕುಹಕ ಇರಲಿಲ್ಲ. ನಾನು ಹೇಳಿದ್ದಕ್ಕೆ ಗೀಟು ಎಳೆಯಲು ನಿಜವಾಗಿಯೂ ಕಾಯುತ್ತಿದ್ದಳು.

ಮೂರು ಅನ್ನಲು ಹೋದೆ, ಎತ್ತಿದ್ದ ಕೈ ಕಂಡಿತು. ನಾಲ್ಕು ಅನ್ನೋಣವೆಂದರೆ ಅವಳ ಕಾಲಿನ ಹತ್ತಿರ ಬಿದ್ದ ಹಲ್ಲು. ಎದ್ದು ಬಂದುಬಿಟ್ಟೆ ಸಿದ್ದೂ. ನಾಳೆ ನನ್ನ ಹೇಳಿಕೆಯೂ ಇದೆ. ತಲೆಗೆ ಪೆಟ್ಟು ಬಿದ್ದ ಮೇಲೆ ನನಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ ಎಂದು ಮೊದಲ ದಿನ ಪೊಲೀಸರಿಗೆ ಬರೆಸಿದ್ದೇನೆ. ಅದನ್ನೇ ಒಪ್ಪಿಸಿ ಬಾ ಎಂದು ದೊಡ್ಡಪ್ಪ ಫೋನಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದಾರೆ. ಬೆಳಿಗ್ಗೆ ಎಂಟರ ಬಸ್ಸಿಗೆ ಮಾಹಿರಾ, ಅವಳ ಅಪ್ಪ, ನಾನು ಮೂವರೂ ಗುಬ್ಬಿಗೆ ಹೊರಡುತ್ತೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡ. ಅಮ್ಮ ನಿನ್ನನ್ನು ಹರಸಿದ್ದಾಳೆ, ದೊಡ್ಡಪ್ಪನೂ ಕೇಳಿದರು ಎಂದು ತಿಳಿ. ನೀನು ಏನೇ ಮಾಡಿರು, ನನ್ನ ಪ್ರಾಣ ಉಳಿಸಿದವನು ನೀನೇ. ಮೈ ಮನಸ್ಸು ಎರಡೂ ಗಟ್ಟಿಯಾಗಿರಲಿ ಮಗನೇ.

ನಿನ್ನ ಅಕ್ಕ,
ನೇತ್ರಾವತಿ

ಮತ್ತೆ: ಸೋಮವಾರ ಮಧ್ಯಾಹ್ನ, ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಮಾಹಿರಾ ಐದೂ ಹೇಳಿದಳು. ಹೊರಗೆ ಬಂದವಳು ನನ್ನ ಕಿವಿಯ ಹತ್ತಿರ, 'ನಿಮ್ ಮಾತು ಹೇಳ್ಲಿಲ್ಲ ಮೇಡಂ. ಅವತ್ತೂ ಹೇಳಿಲ್ಲ' ಎಂದಳು. ಅವಳಿಗೆ ಕೇಳಿಸಿತ್ತು ಸಿದ್ದೂ. ನಿನಗೂ ಕೇಳಿಸಿತ್ತು. ನೆನಪಿಲ್ಲ ಎಂದು ನೀನು ಹಟ ಹಿಡಿದಿರುವುದು ನನ್ನನ್ನು ಉಳಿಸಲು ಎಂದು ಆಗ ನನಗೆ ಹೊಳೆಯಿತು. ಒಳಗೆ ಕರೆದಾಗ ಹೇಳಿಬಿಟ್ಟೆ: ಅವನು ಬಿದ್ದು ಬೇಡಿಕೊಂಡಾಗ ನನ್ನ ತಮ್ಮ ರಾಡು ಇಳಿಸಿ ನನ್ನ ಮುಖ ನೋಡಿದ, 'ಬುಡಬ್ಯಾಡ ಕಣೋ, ಹೊಡಿ' ಎಂದು ಹೇಳಿದವಳು ನಾನು. ಇದು ನಿಮ್ಮ ಮೇಲೇ ಬರುತ್ತದೆ, ಯೋಚನೆ ಮಾಡಿ ಎಂದು ನ್ಯಾಯಾಧೀಶರು ಎರಡು ಸಲ ಎಚ್ಚರಿಸಿದರು. ಬರೆದುಕೊಳ್ಳಿ ಎಂದೆ. ಎಷ್ಟು ಸಲ ಹಾಗೆಂದಿರಿ ಎಂದು ಕೇಳಿದರು. ಮೂರು ಎಂದೆ.