ಬಿಳಿ ಕಾರಿಗೆ ಹಾಕಿದ ದೀಪಗಳು

೧೧ ಮಾರ್ಚ್, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ವೈರು ಬರೆಯುತ್ತಿದ್ದೇನೆ. ನಿನ್ನ ಪತ್ರ ಬಂದು ಇಪ್ಪತ್ತಮೂರು ದಿನವಾಯಿತು. ಬರೆದಿದ್ದು ಮೂರೇ ಸಾಲು. ತೀರಿಕೊಂಡ ದಿನ ನಿನ್ನ ಶೆಡ್ಡಿಗೆ ಬಂದಾಗ ಅವರು ಬೇಜಾರಲ್ಲಿದ್ದರಾ, ನನ್ನ ಮೇಲಿನ ಸಿಟ್ಟಿನಲ್ಲೇ ಕಾರು ಓಡಿಸಿದರಾ, ಅದೊಂದು ಹೇಳಿಬಿಡು, ಆಮೇಲೆ ನಿನ್ನನ್ನು ಏನೂ ಕೇಳುವುದಿಲ್ಲ ಅಂತ. ಆ ಮೂರು ಸಾಲನ್ನು ಓದಿ ಓದಿ ಕಾಗದದ ಮಡಿಕೆ ಹರಿದುಹೋಗಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಆ ಕಡೆಯಿಂದ ಒಂದು ಸಲ "ಹೂಂ" ಅಂದರೆ ಸಾಕು, ನನ್ನ ಬಾಯಿ ಕಟ್ಟಿಹೋಗುತ್ತದೆ. ಸಣ್ಣವನಿದ್ದಾಗಿಂದಲೂ ಹಾಗೇ ಅಲ್ಲವಾ.

ಮೊದಲು ಉತ್ತರ ಹೇಳುತ್ತೇನೆ. ಇಲ್ಲ ಅಕ್ಕಾ, ಭಾವ ಸಿಟ್ಟಿನಲ್ಲಿರಲಿಲ್ಲ. ನೀನು ಬೆಳಿಗ್ಗೆ ಅಂದದ್ದನ್ನೆಲ್ಲ ನನ್ನ ಮುಂದೆ ಹೇಳಿದರು. ಹದಿಮೂರು ವರ್ಷ ಆ ಕಾರಿನ ಸೇವೆ ಮಾಡಿದಿರಿ, ಮಗಳ ಹಾಸ್ಟೆಲಿನಿಂದ ಒಂದು ಪೆಟ್ಟಿಗೆ ತರೋದಕ್ಕೆ ನಿಮಗೆ ಆಗಲ್ವಾ ಅಂದೆಯಂತೆ. ಹೇಳಿ ನಕ್ಕರು. "ನಿಮ್ಮಕ್ಕ ಇವತ್ತು ಚೆನ್ನಾಗಿ ಝಾಡಿಸಿದಳು ಕಣೋ. ಅವಳು ಹೇಳಿದ್ರಲ್ಲಿ ತಪ್ಪೇನಿದೆ?" ಅಂದರು. ಇಷ್ಟೇ ಬರೆದು ಪತ್ರ ಮುಗಿಸಿದರೆ ನಿನಗೂ ಸಮಾಧಾನ, ನನಗೂ ಕ್ಷೇಮ. ಮೂರು ಸಲ ಹಾಗೇ ಬರೆದು ಹರಿದು ಹಾಕಿದೆ. ಉಳಿದದ್ದನ್ನೂ ಹೇಳದಿದ್ದರೆ ನೀನು ಜೀವಮಾನವಿಡೀ ಆ ಒಂದು ಮಾತನ್ನು ಎದೆ ಮೇಲೆ ಹೊತ್ತುಕೊಂಡಿರುತ್ತೀ.

ಆ ಕಾರು ಬಂದ ದಿನ ನಿನಗೆ ನೆನಪಿರಬೇಕು. ಬಂದರಿಗೆ ನಾವೆಲ್ಲ ಹೋಗಿದ್ದೆವು. ನಿನ್ನ ಮಗಳು ಗುಬ್ಬಿಗೆ ಆಗ ಆರು ವರ್ಷ. ಜಪಾನಿನಲ್ಲಿ ಯಾರೋ ಹನ್ನೆರಡು ವರ್ಷ ಓಡಿಸಿ ಬಿಟ್ಟ, ಎರಡೇ ಬಾಗಿಲಿನ ಬಿಳಿ ಕಾರು ಕಂಟೇನರಿನಿಂದ ಇಳಿಯಿತು. ಕೀ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡಿನ ಒಳಗಿಂದ ಒಬ್ಬ ಹೆಂಗಸು ಜಪಾನೀ ಭಾಷೆಯಲ್ಲಿ ಏನೋ ಹೇಳಿದಳು. ನಾವೆಲ್ಲ ಬೆಚ್ಚಿಬಿದ್ದೆವು. ಅಲ್ಲಿಯ ಟೋಲ್ ಕಟ್ಟುವ ಯಂತ್ರದ ದನಿ ಅದು, ಕಾರ್ಡು ಹಾಕಿಲ್ಲ ಅನ್ನುತ್ತದೆ ಅಂತ ಆಮೇಲೆ ತಿಳಿಯಿತು. ನೀನು ಮಾತ್ರ ಆ ಕ್ಷಣವೇ, "ಓ, ನನ್ನ ಸವತಿ ಮಾತೂ ಆಡ್ತಾಳಾ?" ಅಂದೆ. ಅವತ್ತಿನಿಂದ ಕಾರಿಗೆ ಸವತಿ ಅಂತಲೇ ಹೆಸರಾಯಿತು. ಆ ಯಂತ್ರವನ್ನು ಬಿಚ್ಚಿಬಿಡಲಾ ಅಂತ ನಾನು ಕೇಳಿದರೆ ಭಾವ ಬೇಡವೆಂದರು. ನೀನು ನಗುತ್ತೀ ಅಂತ.

ಮೊದಲ ಐದು ವರ್ಷ ಮಾಡಿದ ಕೆಲಸವೆಲ್ಲ ನಿಜವಾಗಿಯೂ ವೇಗಕ್ಕಾಗಿಯೇ. ಸೈಲೆನ್ಸರ್ ಬದಲಾಯಿತು, ಎಂಜಿನ್ನಿನ ಬಲ ಹೆಚ್ಚಿಸುವ ದೊಡ್ಡ ಟರ್ಬೋ ಬಂತು, ಅದನ್ನು ತಣ್ಣಗಿಡಲು ಮುಂದೆ ಇನ್ನೊಂದು ರೇಡಿಯೇಟರ್ ಬಂತು. ಎಂಜಿನ್ನಿನ ಹಳೆಯ ಕಂಪ್ಯೂಟರ್ ತೆಗೆದು ಹೊಸದು ಕೂರಿಸಿದವನು ನಾನು. ಕಾರ್ಖಾನೆಯ ಲೇತಿನಲ್ಲಿ ಪಾಳಿ ಮುಗಿದ ಮೇಲೆ ಭಾವ ತಾವೇ ಕೀಲುಗಳಿಗೆ ಹಾಕುವ ಬುಷ್ಷುಗಳನ್ನು ಕಡೆದು ತರುತ್ತಿದ್ದರು, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಬ್ರೇಕು ಮಾತ್ರ ಬ್ರೇಕ್ ಮೇಷ್ಟ್ರ ಕೈಯಲ್ಲೇ ಆಗಬೇಕು ಅಂತ ಹಟ. ಆ ಮುದುಕ ಒಂದು ಬೋಲ್ಟು ಬಿಗಿದರೆ ಮೂರು ಸಲ ಅಳೆದು ನೋಡುವ ಮನುಷ್ಯ. ವಿಮಾನ ಇಳಿಯುತ್ತಿದ್ದ ಹಳೇ ಪಟ್ಟಿಯಲ್ಲಿ ಭಾನುವಾರ ರೇಸಿಗೆ ಹತ್ತಾರು ಕಾರು ಸೇರುತ್ತಿದ್ದವಲ್ಲ, ಅಲ್ಲಿ ಭಾವನ ಹತ್ತಿರಕ್ಕೆ ಬರುವವರಿರಲಿಲ್ಲ.

ಆರನೆಯ ವರ್ಷ ಅವರು ದೀಪ ಕೇಳಿದರು.

ಮೊದಲು ಎರಡು. ಆರು ತಿಂಗಳಿಗೆ ಇನ್ನೆರಡು. "ಏನ್ ಭಾವ, ಇದು ಕಾರಾ, ಸರ್ಕಸ್ ಡೇರೆಯಾ?" ಅಂತ ನಾನು ರೇಗಿಸಿದೆ. ಆಮೇಲೆ ಒಂದು ದಿನ, ಅಷ್ಟು ಆಸೆಪಟ್ಟು ತರಿಸಿದ್ದ ರೇಸಿನ ಸೀಟು ಬಿಚ್ಚಿಸಿ ಹಳೇ ಸೀಟನ್ನೇ ಹಾಕಿಸಿದರು. ಬೆನ್ನು ನೋವು ಅಂದರು. ಆ ಸೀಟಿನ ರೆಕ್ಕೆಗಳ ನಡುವೆ ತಲೆ ಹೊರಳಿಸಲಾಗುತ್ತಿರಲಿಲ್ಲ, ಅದು ನಿಜವಾದ ಕಾರಣ. ಪಕ್ಕದ ಕನ್ನಡಿಗಳು ಅಗಲವಾದವು. ಮುಂದಿನ ಗಾಜಿನ ಪಕ್ಕದ ಕಂಬದ ಮೇಲಿದ್ದ ಮೀಟರುಗಳು ಸ್ಟೀರಿಂಗಿನ ನೇರಕ್ಕೆ ಬಂದವು. ಕೊನೆಗೆ ಮೀಟರೇ ಬೇಡ, ಸದ್ದು ಮಾಡುವ ಹಾಗೆ ಮಾಡು ಅಂದರು. ಗೇರು ಬದಲಿಸಲು ಸಣ್ಣ ಬೀಪು, ಎಣ್ಣೆ ಕಾದರೆ ಉದ್ದ ಬೀಪು, ಟರ್ಬೋ ಒತ್ತಡ ಹೆಚ್ಚಿದರೆ ಎರಡು. ನಾನು ರಾತ್ರಿಹಗಲು ಅದೇ ಗುಂಗಿನಲ್ಲಿದ್ದು ಮಾಡಿಕೊಟ್ಟೆ. ಪಟ್ಟಿಯಲ್ಲಿ ಎಲ್ಲರೂ ಬಂದು ಕೇಳಿ ಹೋದರು. ಕಣ್ಣು ರಸ್ತೆಯಿಂದ ಕೀಳಬೇಕಾಗಿಲ್ಲ ನೋಡಿ, ಅಂತ ನಾನು ಜಂಬ ಕೊಚ್ಚಿಕೊಂಡೆ.

ಏನಾದರೂ ಹತ್ತಿರ ಬಂದರೆ ಬೀಪು ಕೊಡುವ ಸೆನ್ಸರನ್ನು ಎರಡೂ ಪಕ್ಕಕ್ಕೆ ಹಾಕಿದ ದಿನ ಗೊತ್ತಾಯಿತು ಅಕ್ಕಾ. ಬೆಳಿಗ್ಗೆ ಹತ್ತು ಗಂಟೆ. ಅವರು ಸೀಟಿನಲ್ಲಿ ಕೂತಿದ್ದರು. ನಾನು ಬಲಗಡೆ, ಅವರ ಕಿಟಕಿಯ ಹತ್ತಿರ ನಿಂತು ಬೀಪು ಬರುತ್ತದಾ ಅಂತ ನೋಡುತ್ತಿದ್ದೆ. ಬರಲಿಲ್ಲ, ಎಲ್ಲೋ ತಂತಿ ಸಡಿಲ. ತಮಾಷೆಗೆ ನಾಲಗೆ ಚಾಚಿ, ಕೈ ಬೀಸಿ, ಕೋತಿಯ ಹಾಗೆ ಕುಣಿದೆ. ಅವರು ನೇರ ನೋಡುತ್ತಾ, "ಎಲ್ಲಿದೀಯೋ? ನಿಲ್ಲೋ ಬೇಗ" ಅಂದರು. ಒಂದು ಮೊಳ ದೂರದಲ್ಲಿದ್ದೆ. ಕುಣಿಯುವುದು ನಿಲ್ಲಿಸಿದೆ. ನನ್ನ ಉಸಿರು ಕೇಳಿಸಿತೇನೋ, ತಿರುಗಿದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. "ಕೊಳವೆ ಒಳಗಿಂದ ನೋಡಿದ ಹಾಗೆ ಕಣೋ. ವರ್ಷ ವರ್ಷ ಕೊಳವೆ ಸಣ್ಣ ಆಗ್ತಾ ಇದೆ" ಅಂದರು. ಮಬ್ಬು ಬೆಳಕಿಗೆ ಹೋದರೆ ಎಷ್ಟೋ ಹೊತ್ತು ಏನೂ ಕಾಣುವುದಿಲ್ಲ ಅಂತಲೂ ಹೇಳಿದರು.

ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದವನು ನಾನೇ. ಕಣ್ಣಿನ ಹಿಂದಿನ ಪರದೆ ಸಾಯುತ್ತಾ ಬರುವ ಕಾಯಿಲೆ, ಔಷಧಿಯಿಲ್ಲ, ಇವತ್ತಿನಿಂದಲೇ ಗಾಡಿ ಬಿಡಿ ಅಂದರು ಆಕೆ. ಮನೆಯವರಿಗೆ ಹೇಳಿ ಅಂತ ನನ್ನ ಮುಖ ನೋಡಿ ಎರಡು ಸಲ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತು ಭಾವ ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮಕ್ಕನಿಗೆ ಹೇಳಿದರೆ ಅವಳು ಕಾರ್ಖಾನೆಗೆ ಹೋಗಿ ಹೇಳ್ತಾಳೆ. ಲೇತ್ ಮೇಲೆ ನನ್ನ ಬೆರಳು ಹೋದೀತು ಅಂತ ಭಯ ಅವಳಿಗೆ. ನನ್ನನ್ನ ಗೇಟ್ ಕಾಯೋಕೆ ಹಾಕ್ತಾರೆ." ಆಮೇಲೆ, "ಆ ಕಾರು ಮಾರಿದ ದಿನ ನಾನು ಕುರುಡ ಅಂತ ಒಪ್ಕೊಂಡ ಹಾಗೆ ಕಣೋ" ಅಂದರು. ನಾನು ಹೂಂ ಅಂದೆ. ನಾಲ್ಕು ವರ್ಷ ಹೂಂ ಅಂದೆ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ನೀನು ಎಷ್ಟು ಸಲ ಕೇಳಿದರೂ ಕೊನೆಯ ಎರಡು ವರ್ಷ ಅವರು ನಿನ್ನನ್ನಾಗಲಿ ಗುಬ್ಬಿಯನ್ನಾಗಲಿ ಆ ಕಾರಿನಲ್ಲಿ ಕೂರಿಸಿಕೊಳ್ಳಲಿಲ್ಲ. ಸವತಿಯ ಮೈ ಸವೆಯುತ್ತದೆ ಅಂತ ಇರಬೇಕು ಅಂತ ನೀನು ಕಣ್ಣೀರು ಹಾಕಿದ್ದು ನನಗೆ ಗೊತ್ತು. ಅದು ಭಯ ಅಕ್ಕಾ. ತಮ್ಮ ಕಣ್ಣಿನ ಮೇಲೆ ಬಿಡಬಾರದ ಜೀವ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೂರಿಸಿಕೊಳ್ಳುತ್ತಿದ್ದದ್ದು ನನ್ನೊಬ್ಬನನ್ನೇ. ಪಕ್ಕದಲ್ಲಿ ಕೂತು, ಎಡಗಡೆ ಸೈಕಲ್ಲು, ಮುಂದೆ ಹಂಪು, ಬಲಕ್ಕೆ ಮುದುಕಿ, ಅಂತ ಹೇಳುತ್ತಾ ಹೋಗುವುದು ನನ್ನ ಕೆಲಸ. ನಾವಿಬ್ಬರೂ ಅದರಲ್ಲಿ ಎಷ್ಟು ಪಳಗಿದ್ದೆವೆಂದರೆ ಹೊರಗಿನವರಿಗೆ ಹರಟೆ ಹೊಡೆಯುತ್ತಿದ್ದೇವೆ ಅನಿಸುತ್ತಿತ್ತು. ನನಗೆ ಅದು ಹೆಮ್ಮೆಯಾಗಿತ್ತು ಅಂದರೆ ನಂಬುತ್ತೀಯಾ? ಅವರ ಕಣ್ಣು ಒಂದು ಹೆಜ್ಜೆ ಹಿಂದೆ ಹೋದರೆ ನಾನು ಹೊಸದೊಂದು ಉಪಾಯ ಹೂಡುತ್ತಿದ್ದೆ. ಒಂದೇ ಒಂದು ತಂತಿ ಕತ್ತರಿಸಿ, ಇನ್ನು ಇದು ರಿಪೇರಿ ಆಗಲ್ಲ ಭಾವ ಅಂದಿದ್ದರೆ ಅವರು ನಂಬುತ್ತಿದ್ದರು. ನನ್ನ ಕೈಯಲ್ಲಿ ಕಟಿಂಗ್ ಪ್ಲೇಯರ್ ದಿನವಿಡೀ ಇರುತ್ತದೆ.

ಅವತ್ತು ಹನ್ನೆರಡು ಗಂಟೆಗೆ ಶೆಡ್ಡಿಗೆ ಬಂದರು. ಮನೆಯಿಂದ ಇಲ್ಲಿಯವರೆಗಿನ ದಾರಿ ಅವರಿಗೆ ಬಾಯಿಪಾಠ. "ಬಾರೋ, ಹಾಸ್ಟೆಲಿಗೆ ಹೋಗಿ ಬರೋಣ. ಪೆಟ್ಟಿಗೆ ಕಾರಲ್ಲಿ ತರೋಣ, ಗುಬ್ಬೀನ ಬಸ್ಸಿಗೆ ಹತ್ತಿಸೋಣ" ಅಂದರು. ಕರೆಯಲು ಬಂದದ್ದು ನನ್ನನ್ನು, ಅಂದರೆ ನನ್ನ ಕಣ್ಣನ್ನು. ನನ್ನ ಮುಂದೆ ಒಂದು ವ್ಯಾನಿನ ಆಲ್ಟರ್ನೇಟರ್ ಬಿಚ್ಚಿ ಹರಡಿತ್ತು. ಅದರ ಯಜಮಾನ ತಲೆ ಮೇಲೆ ನಿಂತಿದ್ದ. ನಾನು ತಲೆಯೆತ್ತಿಯೂ ನೋಡದೆ ಹೇಳಿದೆ, "ಹಗಲು ಹೊತ್ತು ತಾನೇ ಭಾವ, ಹೋಗಿ ಬನ್ನಿ."

ಒಂದು ಕ್ಷಣ ನಿಂತರು. "ಸರಿ ಬಿಡು, ಹಗಲೇ ಅಲ್ವಾ" ಅಂದರು. ಹೋದರು.

ನೀನು ಅವರನ್ನು ಮನೆಯಿಂದ ಹೊರಡಿಸಿದೆ, ನಿಜ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಆದರೆ ಅವರು ಕುರುಡರಾಗುತ್ತಿದ್ದಾರೆ ಅಂತ ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಒಬ್ಬರನ್ನೇ ಕಳಿಸಿದೆ.

ರೈಲು ಹಳಿಯ ಕೆಳಗಿನ ಆ ಅಂಡರ್‌ಪಾಸು ಇದೆಯಲ್ಲ, ಸುಡುವ ಬಿಸಿಲಿನಿಂದ ಅದರೊಳಗೆ ಇಳಿದರೆ ನಮ್ಮ ಕಣ್ಣಿಗೇ ಒಂದೆರಡು ಕ್ಷಣ ಬೇಕು. ಒಳಗೆ ಟೈರು ಸಿಡಿದು ನಿಂತ ಲಾರಿ, ಭಾವನ ಕಾರು ನೇರ ಅದರ ಹಿಂಭಾಗಕ್ಕೆ ನುಗ್ಗಿತು. ಡ್ರೈವರು ಜಾಕು ತರಲು ಇಳಿದು ಹೋಗಿದ್ದ, ಅದೊಂದು ಪುಣ್ಯ. ಮಿತಿಮೀರಿದ ವೇಗ ಅಂತ ಎಲ್ಲರೂ ಮಾತಾಡಿಕೊಂಡರು. ಅಂಥ ಕಾರು ನೋಡಿದವರು ಇನ್ನೇನು ಹೇಳಿಯಾರು? ಪೊಲೀಸರು ಕೇಳಿದಾಗ ನಾನು, ಬ್ರೇಕು ಹಿಡಿಯಲಿಲ್ಲವೇನೋ ಅಂದೆ. ಬರೀ "ಏನೋ" ಅಂದದ್ದು. ಆ ಒಂದು ಮಾತು ಊರೆಲ್ಲ ಸುತ್ತಿತು. ಮೇಷ್ಟ್ರ ಹತ್ತಿರ ಹೋಗುವುದನ್ನು ಜನ ನಿಲ್ಲಿಸಿದರು. ವರ್ಷದೊಳಗೆ ಅವರು ಅಂಗಡಿ ಮುಚ್ಚಿದರು. ನೀನೂ ಅವರ ಮುಖ ನೋಡುವುದಿಲ್ಲ ಅಂದೆ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ನಾನು ಕೂರಿಸಿದ ಆ ಕಂಪ್ಯೂಟರ್ ಎಲ್ಲವನ್ನೂ ದಾಖಲಿಸುತ್ತದೆ. ಜಜ್ಜಿಹೋದ ಕಾರಿನಿಂದ ಅದನ್ನು ವಾರದೊಳಗೆ ಬಿಚ್ಚಿ ತಂದಿದ್ದೆ. ಎರಡು ವರ್ಷ ನಾಲ್ಕು ತಿಂಗಳು ಫ್ಯೂಸಿನ ಡಬ್ಬಿಗಳ ಕೆಳಗೆ ಬಚ್ಚಿಟ್ಟಿದ್ದೆ. ನಿನ್ನ ಪತ್ರ ಬಂದ ಮೇಲೆ ತೆರೆದೆ. ವೇಗ ನಲವತ್ತಮೂರು. ಇಳಿಜಾರಿನಿಂದ ಕೊನೆಯವರೆಗೂ ಅದೇ ನಲವತ್ತಮೂರು. ಬ್ರೇಕ್ ಪೆಡಲಿನ ಗೆರೆ ಅಡಿಯಲ್ಲಿ ನೆಟ್ಟಗೆ ಮಲಗಿದೆ, ಒಂದು ಕೂದಲಿನಷ್ಟೂ ಎದ್ದಿಲ್ಲ. ನಾಲ್ಕು ದೀಪವೂ ಆರಿವೆ. ಭಾವ ಏನನ್ನೂ ನೋಡಲಿಲ್ಲ ಅಕ್ಕಾ. ಹೆದರಲಿಲ್ಲ. ನಿಧಾನವಾಗಿ, ಜೋಪಾನವಾಗಿ ಹೋಗುತ್ತಿದ್ದರು.

ಕಳೆದ ಮಂಗಳವಾರ ಆ ದಾಖಲೆಯನ್ನು ಅಚ್ಚು ಹಾಕಿಸಿದ ಹಾಳೆ ತೆಗೆದುಕೊಂಡು ಬ್ರೇಕ್ ಮೇಷ್ಟ್ರನ್ನು ಹುಡುಕಿಕೊಂಡು ಹೋದೆ. ಟೈರು ಗೋದಾಮಿನ ಗೇಟಿನಲ್ಲಿ ಕಾವಲಿಗೆ ಕೂರುತ್ತಾರೆ ಈಗ. ನಿಂತೇ ಎಲ್ಲ ಹೇಳಿದೆ. ಕನ್ನಡಕ ಹಾಕಿಕೊಂಡು ಆ ಗೆರೆಯ ಮೇಲೆ ಬೆರಳಾಡಿಸಿದರು.

"ಮುಟ್ಟೇ ಇಲ್ಲ ಅವನು ನನ್ನ ಬ್ರೇಕನ್ನ."

"ಇಲ್ಲ ಮೇಷ್ಟ್ರೇ."

"ಹನ್ನೆರಡು ಬೋಲ್ಟು. ಎರಡು ವರ್ಷದಿಂದ ದಿನಾ ಎದ್ದ ಕೂಡಲೇ ಮನಸ್ಸಲ್ಲೇ ಅವನ್ನ ಬಿಗೀತೀನಿ ಕಣಯ್ಯಾ. ಯಾವುದು ಸಡಿಲ ಬಿಟ್ಟೆ ಅಂತ." ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. "ಹೊರಡು. ಇನ್ನೊಂದು ಸಲ ಈ ಗೇಟಿನ ಹತ್ತಿರ ಬರಬೇಡ."

ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ಮರುದಿನ ಠಾಣೆಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಅಧಿಕಾರಿ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ಕೇಳಿದರು. ಹೆದರಿಕೆ ಅಂದೆ. ಮತ್ತೆ ಕರೆಸುತ್ತಾರಂತೆ. ಕರೆಸಲಿ. ಮೇಷ್ಟ್ರ ತಪ್ಪಿಲ್ಲ ಅಂತ ಸಿಕ್ಕಸಿಕ್ಕ ಗ್ಯಾರೇಜಿಗೆಲ್ಲ ಹೋಗಿ ಹೇಳುತ್ತಿದ್ದೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ, ಕೆಲವರು ಚಹಾ ಕುಡಿ ಅನ್ನುತ್ತಾರೆ. ಆ ಅಂಗಡಿ ಮತ್ತೆ ತೆರೆಯುವುದಿಲ್ಲ, ನನಗೆ ಗೊತ್ತು.

ಕ್ಷಮಿಸು ಅಂತ ಕೇಳುವುದಿಲ್ಲ. ಬಾಗಿಲು ತೆರೆಯಬೇಡ, ಫೋನು ಎತ್ತಬೇಡ, ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು. ಆದರೆ ಆ ಬೆಳಗಿನ ಮಾತನ್ನು ಇವತ್ತಿಗೆ ಕೆಳಗಿಳಿಸು. ಅದರ ಭಾರ ನನ್ನದು.

ನಿನ್ನ ತಮ್ಮ,
ವೈರು

ಮರೆತದ್ದು: ಮರೆತಿರಲಿಲ್ಲ ಅಕ್ಕಾ, ಬರೆಯಲು ಕೈ ಬರಲಿಲ್ಲ. ಈ ಸಾಲುಗಳನ್ನು ಓದಿದ ಮೇಲೆ ಉಳಿದ ಪತ್ರವನ್ನು ಒಲೆಗೆ ಹಾಕಿದರೂ ಚಿಂತೆಯಿಲ್ಲ. ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಭಾವನ ಅಮ್ಮನಿಗೆ ಕಣ್ಣು ಹೋದದ್ದೂ ವಯಸ್ಸಿನಿಂದಲ್ಲವಂತೆ. ಇದು ರಕ್ತದಲ್ಲಿ ಬರುತ್ತದೆ, ಮಗಳಿದ್ದರೆ ತಡಮಾಡದೆ ಕರೆದುಕೊಂಡು ಬನ್ನಿ ಅಂದಿದ್ದರು. ಮೊನ್ನೆ ಗುರುವಾರ ಗುಬ್ಬಿ, ಮಾವ, ನನಗೆ ಡ್ರೈವಿಂಗ್ ಕಲಿಸಿ ಅಂತ ಕೇಳಿಕೊಂಡು ಶೆಡ್ಡಿಗೆ ಬಂದಿದ್ದಳು. ಮಧ್ಯಾಹ್ನ ಎರಡು ಗಂಟೆ. ಹೊಸ್ತಿಲು ದಾಟಿ ನಿಂತವಳು ಗೋಡೆ ಹಿಡಿದುಕೊಂಡು, "ಏನ್ ಮಾವ, ಶೆಡ್ಡಲ್ಲಿ ಒಂದು ಲೈಟೂ ಹಾಕಿಲ್ವಾ?" ಅಂದಳು. ಎರಡು ಟ್ಯೂಬ್‌ಲೈಟೂ ಉರಿಯುತ್ತಿದ್ದವು.