ಹುಣಸೆಮರದ ಬೇಲಿ

ಮಧುಗಿರಿ
೧೫-೩-೧೯೮೪

ಪುರಸಭೆಯ ಮುಖ್ಯಾಧಿಕಾರಿಯವರಿಗೆ ನಮಸ್ಕಾರಗಳು.

ಹಳೆಯ ಅಂಗಡಿಸಾಲು ಕೆಡವಿ ಹೊಸ ಮಳಿಗೆ ಕಟ್ಟಲು ಅನುಮತಿ ಕೊಡುವಾಗ ತಾವು ನನ್ನ ಅರ್ಜಿಯನ್ನು ಮನ್ನಿಸಿ ಹುಣಸೆಮರವನ್ನು ಉಳಿಸಿದ್ದೀರಿ. ಮರದ ಸುತ್ತ ಬೇಲಿ ಹಾಕಿ ಯಾರನ್ನೂ ಒಳಗೆ ಬಿಡಬಾರದು, ಲಾರಿಗಳು ತಿರುಗಲು ರಸ್ತೆಬದಿ ತೆರವಾಗಿರಬೇಕು ಎಂಬ ಷರತ್ತುಗಳನ್ನು ನಿನ್ನೆ ಓದಿದೆ. ಇಪ್ಪತ್ತು ವರ್ಷಗಳಿಂದ ಆ ಮರದಡಿ ಕಂಬಳಿ ಮಾರುವ ಅಜ್ಜಿಗೂ ಸಂತೋಷದಿಂದ ಓದಿ ಹೇಳಿದೆ.

“ಮರ ಉಳಿಸ್ಬುಟ್ಟೆ ಕಣಮ್ಮ, ಒಳ್ಳೇದಾಯ್ತು. ನಾನಿನ್ನು ಕೊಂಬೆ ಮ್ಯಾಲೆ ಕೂತ್ಕಂಡು ಮಾರ್ಲಾ?” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ನಾನು ಕನ್ನಡ ಎಂ.ಎ. ಓದಿದವಳು. ಮೂರು ಪುಟದ ಆ ಅರ್ಜಿಯಲ್ಲಿ ನೆರಳು, ಗಿಳಿ, ಚಿಗುರು ಎಲ್ಲವನ್ನೂ ಬರೆದಿದ್ದೆ.

ಸೋಮವಾರ ಬೇಲಿಗೆ ಗುಂಡಿ ತೋಡುತ್ತಾರಂತೆ. ಅಷ್ಟರೊಳಗೆ, ಬೇಲಿಯೊಳಗೆ ಪೂರ್ವದ ಕಡೆ ಒಂದು ಕಂಬಳಿ ಹಾಸುವಷ್ಟು ಜಾಗವನ್ನು ಆ ಅಜ್ಜಿಗೆ ಬಿಡಬೇಕೆಂದು ಷರತ್ತುಗಳಿಗೆ ಒಂದು ಸಾಲು ಸೇರಿಸಿಕೊಡಿ. ತಮ್ಮ ಕಚೇರಿಯ ಬಾಗಿಲವರೆಗೆ ಎರಡು ಸಲ ಬಂದು, ಒಳಗೆ ಕಾಲಿಡದೆ ಹಿಂದಿರುಗಿದ್ದೇನೆ. ಅದಕ್ಕೇ ಈ ಪತ್ರ.

ಅವರ ಹೆಸರು ಭೀಮಕ್ಕ. ಮೊದಲ ಅರ್ಜಿಯಲ್ಲಿ ಅದನ್ನು ನಾನು ಬರೆದಿರಲಿಲ್ಲ.

ತಮ್ಮ ಉತ್ತರಕ್ಕೆ ಕಾದಿರುವ,
ಎಂ. ಗಿರಿಜಾಂಬ