ಚಿತ್ರದಲ್ಲಿರುವ ಕೈ

ಬೊಲೊನ್ಯಾ, ೧೫೮೬

ಅವ್ವಾ, ನಿನ್ನ ಜಾಕೊಮಿನಾ ಗಟ್ಟಿಯಾಗಿದ್ದಾಳೆ, ಕೆಮ್ಮು ಪೂರಾ ಹೋಯಿತು. ಉಣ್ಣೆಯ ಕಾಲುಚೀಲ ಕಳಿಸಬೇಡ, ಧಣಿಗಳ ಮನೆಯಲ್ಲೇ ಕೊಟ್ಟಿದ್ದಾರೆ. ಇದನ್ನು ಬರೆದುಕೊಡುತ್ತಿರುವ ಅಡುಗೆಯಮ್ಮನಿಗೆ ಅವಸರ, ಬೇಗ ಹೇಳಿಬಿಡುತ್ತೇನೆ.

ಧಣಿಗಳ ಮಗಳು ಇಪ್ಪೊಲಿತಾ ಅಮ್ಮಣ್ಣಿಯ ಚಿತ್ರ ಬರೆಸಿದ್ದಾರೆ, ಫ್ಲಾರೆನ್ಸಿನ ಗಂಡಿನ ಮನೆಗೆ ಕಳಿಸೋಕೆ. ಮುಖ ಮುಗಿದದ್ದೇ ತಡ, ಬೇಜಾರು ಅಂತ ಅಮ್ಮಣ್ಣಿ ಎದ್ದುಹೋದರು. ಮಿಕ್ಕದ್ದಕ್ಕೆ ಅವರ ಮದುವೆಯ ಉಡುಪು ತೊಡಿಸಿ ನನ್ನನ್ನು ಕೂರಿಸಿದರು! ಈ ಕಸುಬಿನಲ್ಲಿ ಹಾಗೇ ಅಂತೆ. "ಉಸಿರಾಡೇ, ಕಲ್ಲುಗೊಂಬೆ ಆಗ್ಬೇಡ," ಅಂತ ಚಿತ್ರದ ಮೇಸ್ತ್ರಿ ಬೈಯುತ್ತಲೇ ಇದ್ದರು.

ಇವತ್ತು ಮುಗಿದ ಚಿತ್ರ ನೋಡಿದೆ, ಅವ್ವಾ. ಬರೀ ಎಣ್ಣೆಬಣ್ಣ ಅಂತ ಗೊತ್ತಿದ್ದೂ ಆ ರೇಷ್ಮೆ ತೋಳು ಸವರೋಕೆ ಕೈ ಚಾಚಿದೆ. ಅಮ್ಮಣ್ಣಿಯ ತುಟಿ ಇನ್ನೇನು ಮಾತಾಡುತ್ತೆ ಅನ್ನಿಸಿ ಮೈ ಜುಮ್ಮೆಂದಿತು. ಕೆಳಗೆ ನೋಡಿದರೆ ನನ್ನದೇ ಕೈ! ಹೆಬ್ಬೆರಳ ಮೇಲಿನ ಕುಡುಗೋಲಿನ ಗಾಯದ ಗುರುತನ್ನೂ ಬಿಟ್ಟಿಲ್ಲ. ಅಳಿಸಿ ಅಂತ ಮೇಸ್ತ್ರಿಯನ್ನು ಗೋಗರೆದೆ. ಅಮ್ಮಣ್ಣಿ ನಕ್ಕುಬಿಟ್ಟರು: "ಇರ್ಲಿ ಬಿಡೇ. ಕೆಲಸ ಬಲ್ಲ ಸೊಸೆ ಸಿಕ್ಕಿದ್ಳು ಅಂತ ನಮ್ಮತ್ತೆ ಹಿಗ್ಗಲಿ."

ಬಣ್ಣ ಒಣಗಿದ ಮೇಲೆ ಹೇಸರಗತ್ತೆ ಹೊಡೆಯುವ ಬಾಲ್ದೊ ಅದನ್ನು ನಮ್ಮೂರ ಬೆಟ್ಟದ ದಾರಿಯಲ್ಲೇ ಒಯ್ಯುತ್ತಾನೆ. ತೊಟ್ಟಿ ಹತ್ತಿರ ಹೇಸರಗತ್ತೆಗೆ ನೀರು ಕುಡಿಸುವಾಗ ಮುಸುಕು ಸರಿಸಿ ನಿನಗೆ ತೋರಿಸಬೇಕು ಅಂತ ಅವನಿಗೆ ಹೇಳಿದ್ದೇನೆ. ಮುಖ ನೋಡಿ, ಯಾರೋ ದೊಡ್ಡವರ ಮಗಳು ಅಂತ ಹಿಂದೆ ಸರಿಯಬೇಡ. ಕೈ ನೋಡು. ಆ ಬೆರಳಿಗೆ ಬಟ್ಟೆ ಕಟ್ಟಿದವಳು ನೀನೇ.